ಬಟ್ಟಲಲ್ಲಿ ಬೆರೆಸಿದ್ದು

ಗುರುಪ್ರಕಾಶ ಕಟ್ಟಿದ ರಿಮೋಟ್ ಹಾಯಿದೋಣಿ ಶಿವನಸಮುದ್ರದ ಜಲಪಾತವನ್ನು ಕೆಳಗಿನಿಂದ ಮೇಲಕ್ಕೆ ಹತ್ತಿತ್ತು. ಹತ್ತಿ ನಿಂತು ಹಾಯಿ ಕೊಡವಿ ಒಣಗಿಸಿಕೊಂಡಿತ್ತು ಕೂಡ. ಕೊಳ್ಳೇಗಾಲದಲ್ಲಿ ರೇಷ್ಮೆಗೆ ಬಣ್ಣ ಹಾಕುವ ಈ ಮಹಾಶಯನ ಮಾತಿಗೆ ಸಾಕ್ಷಿ ಬೇಕಾದರೆ ಕಾವೇರಿಯನ್ನೇ ಕಟಕಟೆಗೆ ಕರೆಯಬೇಕು.

ಆ ಭಾನುವಾರ ಅವನು ಎರಡನೆಯ ದೋಣಿಗೆ ಫೈಬರ್ ಒಡಲು ಮಾಡಲು ಕೂತಿದ್ದ. ಮೊಳದುದ್ದದ ಮರದ ಅಚ್ಚಿಗೆ ಮೇಣ ತಿಕ್ಕಿ, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿದ್ದ. ಹನೂರಿನಿಂದ ಬಂದ ಹೆಂಡತಿಯ ತಮ್ಮ ಮಹದೇವು ಅದು ಜಾರದಂತೆ ಹಿಡಿದಿದ್ದ. ಅದಕ್ಕೆ ಬಳಿಯುವ ಅಂಟು, ರೆಸಿನ್ನಿನ ವಾಸನೆಗೆ ಬೀದಿಯ ಕಾಗೆಗಳೆಲ್ಲ ಯಳಂದೂರಿಗೆ ಗುಳೆ ಹೋಗಿದ್ದವು. ಬಣ್ಣದ ಮನೆಯಲ್ಲಿ ನೊಣವೂ ಸದ್ದು ಮಾಡುತ್ತಿರಲಿಲ್ಲ.

ರೆಸಿನ್ ಗಟ್ಟಿಯಾಗಲು ಅಂಗಡಿಯವನು ಎರಡು ಸೀಸೆ ಕೊಟ್ಟಿದ್ದ. ನೇರಳೆ ಬಣ್ಣದ್ದನ್ನು ಮೊದಲು ರೆಸಿನ್ನಿಗೆ ಹಾಕಿ ಕಲಕಿ, ನೀರಿನಂಥದ್ದನ್ನು ಆಮೇಲೆ ಹಾಕಿ, ಅವೆರಡನ್ನೇ ಸೇರಿಸಬೇಡಿ ಎಂದು ಮೂರು ಸಲ ಹೇಳಿದ್ದ.

“ಬಾವ, ಅದೇನೋ ಸೇರುಸ್ಬ್ಯಾಡಿ ಅಂದಿದ್ನಲ್ವಾ ಅವ್ನು?”

“ಲೇ, ಇಪ್ಪತ್ತೊರ್ಸ ಬಣ್ಣ ಕಾಯ್ಸಿವ್ನಿ. ನಂಗೇ ಬೆರಕೆ ಏಳ್ಕೊಡ್ತೀಯಾ? ಸುಮ್ಕೆ ಇಡ್ಕಲಾ.”

ಬಣ್ಣದವರು ಬಣ್ಣವನ್ನೂ ಆಸಿಡ್ಡನ್ನೂ ಮೊದಲು ಪುಟ್ಟ ಬಟ್ಟಲಲ್ಲಿ ಕದಡಿಕೊಂಡು ಆಮೇಲೆ ಹಂಡೆಗೆ ಸುರಿಯುತ್ತಾರೆ. ಇಲ್ಲವಾದರೆ ನೂಲಿಗೆ ಕಲೆ ಬೀಳುತ್ತದೆ. ಗುರುಪ್ರಕಾಶನ ಕೈ ಆ ರೂಢಿಯಲ್ಲೇ ಹೋಯಿತು. ಎರಡೂ ಸೀಸೆ ಒಂದೇ ಬಟ್ಟಲಿಗೆ ಬಗ್ಗಿದವು.

ಬಟ್ಟಲು ಬೆಚ್ಚಗಾಯಿತು. ಒಳಗಿನದು ಪಿಸುಗುಟ್ಟಿತು. ಏನದು ಎಂದು ಮಹದೇವು ಬಗ್ಗಿದ.

ಬುಸ್ಸೆಂದು ಸಿಡಿಯಿತು.

ಮಗ್ಗದ ಕೋಣೆಯಿಂದ ಓಡಿಬಂದ ಹೆಂಡತಿ ಕೋಮಲ ತಮ್ಮನ ಮುಖಕ್ಕೆ ಎರಡು ಬಿಂದಿಗೆ ನೀರು ಹೊಯ್ದು ಆಟೋ ಹತ್ತಿಸಿದಳು. ಕಾಮಗೆರೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: “ಕಣ್ಣಿಗೆ ಬಿದ್ದಿದ್ದೇನು?”

ಬೆರಕೆ ತಪ್ಪಿತು ಎಂದು ಗುರುಪ್ರಕಾಶನ ಬಾಯಲ್ಲಿ ಬರುವುದುಂಟೆ? “ಬಿಸ್ನೀರು ಕಣಮ್ಮ. ಬಣ್ಣದ ಅಂಡೆ ಸಿಡೀತು. ನಮ್ ಬೀದಿ ಎಂಚೆಲ್ಲ ಆರೋದ್ವು!”

“ಬಿಸಿನೀರಾದರೆ ಮುಲಾಮು ಹಚ್ಚಿ ಮುಚ್ಚುತ್ತೇನೆ. ಕೆಮಿಕಲ್ ಆದರೆ ಮುಚ್ಚಿದ ಕಡೆಯೇ ಸುಡುತ್ತಾ ಹೋಗುತ್ತೆ, ಕಣ್ಣು ಉಳಿಯಲ್ಲ. ಬಿಸಿನೀರೇ ತಾನೆ?”

ಅವನು ಹೌದೆಂದು ತಲೆಯಾಡಿಸಿದ. ನರ್ಸು ಹತ್ತಿ ತೆಗೆದಳು.

“ಇವತ್ತು ಬಣ್ಣದ ಒಲೆನೇ ಅಚ್ಚಿಲ್ವಲ್ಲ,” ಎಂದಳು ಕೋಮಲ, ಗಂಡನನ್ನೇ ನೋಡುತ್ತ. “ಬಿಸ್ನೀರು ಎಲ್ಲಿಂದ ಬಂತು?”

ಮಂಚದ ಮೇಲೆ ಮಹದೇವು ನರಳಿದ. ಅವನ ಬಾವ ನರ್ಸಿನ ಹತ್ತಿಗೆ ಕೈ ಅಡ್ಡ ಹಿಡಿದ.

“ಬಿಸ್ನೀರಲ್ಲ. ದೋಣಿ ಮದ್ದು. ಎಲ್ಡು ಸೀಸೆನೂ ನಾನೇ ಸೇರುಸ್ದೆ. ಬ್ಯಾಡ ಅಂತ ಅಂಗ್ಡಿಯವ್ನೂ ಅಂದಿದ್ದ, ಇವ್ನೂ ಅಂದ.”

ಡಾಕ್ಟರಮ್ಮ ಹತ್ತಿಯನ್ನು ಬದಿಗೆ ತಳ್ಳಿ, ಕಣ್ಣು ತೊಳೆಯಲು ಸಲೈನ್ ತನ್ನಿ ಎಂದು ಕೂಗಿದರು. “ಎಷ್ಟೊತ್ತಾಯ್ತು?”

ಏನು ಹೇಳಿದರೂ ಎರಡು ಸೊನ್ನೆ ಸೇರಿಸುವ ನಾಲಿಗೆ ಆಗ ಒಂದನ್ನೂ ಸೇರಿಸಲಿಲ್ಲ.

“ನಲ್ವತ್ತು ನಿಮ್ಷ,” ಎಂದ.