ಮೂವತ್ತೊಂದನೆಯದು ಶಾರ್ಟಾ?

ಬೆಳಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಪರದೆಯ ಮೇಲೆ ಸೊನ್ನೆ ಬಂತು. ಸಂಶೋಧಕಿ ಕುರ್ಚಿಯಿಂದೆದ್ದು ಎರಡು ಸುತ್ತು ತಿರುಗಿದಳು. ಪ್ರಯೋಗಾಲಯದ ಫ್ರಿಜ್ ನೋಡಿಕೊಳ್ಳುವ ತಂತ್ರಜ್ಞರನ್ನು ಎಲ್ಲರೂ ಥಂಡಿ ಮಾಮ ಎನ್ನುತ್ತಾರೆ, ವಯಸ್ಸು ಐವತ್ತೆಂಟು. ಅವರು ಟೀ ಲೋಟ ಹಿಡಿದುಕೊಂಡೇ ಕುಣಿದರು. ಅರ್ಧ ಟೀ ನೆಲದ ಪಾಲಾಯಿತು.

"ನಾಲ್ಕು ವರ್ಷ ದುಡಿದು ಒಂದು ಸೊನ್ನೆ ಸಂಪಾದಿಸಿದ್ಯಲ್ಲ ತಾಯಿ! ನಿನ್ನಂಥೋರು ಮನೆಗೊಬ್ರು ಇರ್ಬೇಕು."

"ಹೊಟ್ಟೆಕಿಚ್ಚು ನಿಮ್ಗೆ ಮಾಮ. ಮೂವತ್ತು ವರ್ಷ ದುಡಿದ್ರೂ ಇಷ್ಟು ಚಂದದ ಸೊನ್ನೆ ನಿಮ್ಗೆ ಬಂದಿಲ್ಲ."

ಆ ಸೊನ್ನೆ ವೋಲ್ಟೇಜಿನದು. ಅವಳು ಮಾಡಿದ ಸಾಧನದಲ್ಲಿ ಅಲ್ಯೂಮಿನಿಯಮ್ಮಿನ ಎರಡು ಪಟ್ಟಿಗಳಿವೆ. ಅವುಗಳ ನಡುವಿನ ಸಂದು ತಲೆಗೂದಲಿನ ದಪ್ಪದಲ್ಲಿ ಐನೂರನೇ ಒಂದು ಪಾಲು. ಸಂದಿನ ಅಡಿಯಲ್ಲಿ ಅರೆವಾಹಕದ ಹಾಸು. ಇಷ್ಟನ್ನೂ ಫ್ರಿಜ್ಜಿನೊಳಗೆ ಇಳಿಸಿ, ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಐವತ್ತನೇ ಒಂದು ಭಾಗದಷ್ಟು ಮಾತ್ರ ಮೇಲೆ ಇಟ್ಟರೆ, ಅಲ್ಯೂಮಿನಿಯಮ್ ಕರೆಂಟಿಗೆ ಯಾವ ಅಡ್ಡಿಯನ್ನೂ ಒಡ್ಡುವುದಿಲ್ಲ. ಸೋಜಿಗವೆಂದರೆ ಕರೆಂಟು ಆ ಸಂದನ್ನೂ ಹಾಗೆಯೇ ದಾಟುತ್ತದೆ. ಹಿಂದಿನಿಂದ ಯಾರೂ ತಳ್ಳಬೇಕಿಲ್ಲ, ವೋಲ್ಟೇಜು ಸೊನ್ನೆ. ಒಂದು ಮಿತಿಯವರೆಗೆ ಹೀಗೆ. ಮಿತಿ ಮೀರಿದರೆ ವೋಲ್ಟೇಜು ಜಿಗಿಯುತ್ತದೆ. ಇದೇ ಜೋಸೆಫ್ಸನ್ ಜಂಕ್ಷನ್. ಆ ಬೆಳಗ್ಗೆ ಕಂಡ ಮಿತಿ 1.84 ಮೈಕ್ರೋಆಂಪ್.

ಆದರೆ ಕುಣಿದು ಮುಗಿದ ಮೇಲೆ ಅನುಮಾನ ಎದ್ದಿತು. ಸಂದು ಕೊರೆಯುವಾಗ ಅಲ್ಯೂಮಿನಿಯಮ್ಮಿನ ಒಂದೇ ಒಂದು ಎಳೆ ಉಳಿದಿದ್ದರೂ ಪಟ್ಟಿಗಳು ಒಂದಕ್ಕೊಂದು ತಾಗಿರುತ್ತವೆ. ಆಗಲೂ ಇದೇ ಸೊನ್ನೆ, ಇಂಥದೇ ಮಿತಿ. ಅದು ಜಂಕ್ಷನ್ ಅಲ್ಲ, ಬರೀ ಶಾರ್ಟ್. ಇದು ಅವಳ ಮೂವತ್ತೊಂದನೆಯ ಸಾಧನ. ಹಿಂದಿನ ಮೂವತ್ತರಲ್ಲಿ ಹತ್ತೊಂಬತ್ತು ಶಾರ್ಟ್ ಆಗಿದ್ದವು, ಹನ್ನೊಂದರಲ್ಲಿ ಕರೆಂಟೇ ಹರಿದಿರಲಿಲ್ಲ.

ನಿಜ ತಿಳಿಯಲು ಒಂದು ದಾರಿಯಿತ್ತು. ಮ್ಯಾಗ್ನೆಟ್ ಹಾಕಿ ಕಾಂತಕ್ಷೇತ್ರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬೇಕು. ಜಂಕ್ಷನ್ ಆದರೆ ಮಿತಿ ಇಳಿದು ಇಳಿದು ಸೊನ್ನೆ ಮುಟ್ಟಿ ಮತ್ತೆ ಏಳುತ್ತದೆ. ಗೆರೆ ಎಳೆದು ನೋಡಿದರೆ ದೊಡ್ಡ ಬೆಟ್ಟದ ಪಕ್ಕ ಚಿಕ್ಕ ಬೆಟ್ಟ, ಅದರ ಪಕ್ಕ ಇನ್ನೂ ಚಿಕ್ಕದು. ಶಾರ್ಟ್ ಆದರೆ ಹೆಚ್ಚೆಂದರೆ ಕೊಂಚ ಇಳಿದೀತು, ಸೊನ್ನೆ ಮುಟ್ಟಿ ಏಳುವುದಿಲ್ಲ.

ಸಮಯ ಸಂಜೆ ನಾಲ್ಕರವರೆಗೆ ಮಾತ್ರ. ಆಮೇಲೆ ಫ್ರಿಜ್ಜಿನಲ್ಲಿ ಪಕ್ಕದ ಸಂಶೋಧನಾ ಗುಂಪಿನ ಪಾಳಿ. ಅವರು ಅದನ್ನು ಬಿಸಿ ಮಾಡಿ ತಮ್ಮ ಸಾಧನ ಇಳಿಸುತ್ತಾರೆ. ಒಮ್ಮೆ ಬಿಸಿಯಾದ ಅವಳ ಸಾಧನ ಯಾವುದೂ ಮತ್ತೆ ಬದುಕಿದ್ದಿಲ್ಲ. ಪ್ರೊಫೆಸರು ಹಿಂದಿನ ವಾರವೇ ಹೇಳಿದ್ದರು: "ಇದೂ ಶಾರ್ಟ್ ಆದ್ರೆ ಈ ವಿಷಯ ಬಿಟ್ಬಿಡಮ್ಮ. ಬೇರೆ ಏನಾದ್ರೂ ನೋಡೋಣ." ಬೈದಿದ್ದರೆ ವಾಸಿಯಿತ್ತು. ಮೆತ್ತಗೆ ಹೇಳಿದ್ದರು.

ಒಂಬತ್ತಕ್ಕೆ ಪವರ್ ಸಪ್ಲೈ ಹಾಕಿ ಮ್ಯಾಗ್ನೆಟ್ಟಿಗೆ ಕರೆಂಟು ಕೊಟ್ಟಳು. ಅರ್ಧ ಆಂಪ್: ಮಿತಿ 1.84. ಒಂದು ಆಂಪ್: 1.84. ಐದು ಆಂಪಿಗೂ ಅದೇ. ದಿಕ್ಕು ಬದಲಿಸಿದಳು, ಮತ್ತೆ ಐದಕ್ಕೆ ತಂದಳು, ಕಾದಳು. ಅಂಕಿ ಕದಲಲಿಲ್ಲ. ಮಧ್ಯಾಹ್ನ ಎರಡೂವರೆಗೆ ದಾಖಲೆ ಪುಸ್ತಕ ತೆರೆದು '31' ಎಂದು ಬರೆದಳು. ಮುಂದಿನ ಪದ ಬರೆಯಲು ಕೈ ಬರಲಿಲ್ಲ.

ಆಗ ಅಮ್ಮನ ಫೋನ್ ಬಂತು. ಅಮ್ಮನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪು, ಫ್ಯಾನು, ಮಿಕ್ಸಿಗಳ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತಿ ಮಗಳನ್ನು ಓದಿಸಿದವಳು. ಹಿಂದೆ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಊಟ ಆಯ್ತಾ?"

"ಇಲ್ಲಮ್ಮ. ಶಾರ್ಟ್ ಆಗಿದೆ."

"ಯಾರು, ನೀನಾ?"

"ಅಯ್ಯೋ, ನನ್ನ ಸಾಧನ!"

"ನೋಡಿ ಹೇಳ್ತಿದ್ಯೋ, ಹಸಿವಿಗೆ ಹೇಳ್ತಿದ್ಯೋ?"

"ಮ್ಯಾಗ್ನೆಟ್ ಹಾಕಿದ್ರೂ ಏನೂ ಬದಲಾಗ್ತಿಲ್ಲ."

"ಮ್ಯಾಗ್ನೆಟ್ ಅಂದ್ರೆ ಕಾಯಿಲ್ ತಾನೆ? ಎಷ್ಟು ಸುತ್ತು?"

"ಸಾವಿರಾರು. ಅದ್ಯಾಕೀಗ?"

"ಕರೆಂಟ್ ಕೊಟ್ಟಾಗ ಹೇಗೆ ಏರಿತು? ನಿಧಾನಕ್ಕಾ, ಟಕ್ ಅಂತಾನಾ?"

ಅವಳು ನೆನಪಿಸಿಕೊಂಡಳು. "ಟಕ್ ಅಂತ."

ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಅಮ್ಮನೇ ಬಡಿಯುತ್ತಿದ್ದಳೆಂದು ಮಗಳಿಗೆ ಆಗ ತಿಳಿಯಿತು.

"ಐದು ಆಂಪು, ಸಾವಿರಾರು ಸುತ್ತಿನ ಕಾಯಿಲ್‌ಗೆ, ಟಕ್ ಅಂತಾನಾ? ಅದು ಕಾಯಿಲ್ಲೇ ಅಲ್ಲ ಕಣೇ! ಕಾಯಿಲ್ ಅಷ್ಟು ಸುಲಭಕ್ಕೆ ಜಗ್ಗಲ್ಲ. ಮೊಂಡು ಹಿಡಿಯುತ್ತೆ, ನಿನ್ನ ಥರಾನೇ. ನಿನ್ನ ಕರೆಂಟು ಬೇರೆ ಎಲ್ಲಿಗೋ ಹೋಗ್ತಿದೆ."

"ಮೀಟರ್ ಐದು ಅಂತ ತೋರಿಸ್ತಿದೆಯಮ್ಮ!"

"ಮೀಟರ್‌ಗೇನು, ಹೊರಟಿದ್ದನ್ನ ಹೇಳುತ್ತೆ. ಎಲ್ಲಿಗೆ ಮುಟ್ತು ಅಂತ ನೀನೇ ವೈರ್ ಹಿಡ್ಕೊಂಡು ಹೋಗಿ ನೋಡು."

ಅವಳು ಫೋನನ್ನು ಕಿವಿಗೆ ಸಿಕ್ಕಿಸಿಕೊಂಡೇ ಮಂಡಿಯೂರಿದಳು. ಪವರ್ ಸಪ್ಲೈಯ ಹಿಂಬದಿಯಿಂದ ಹೊರಟ ಕೇಬಲ್ ಮೇಜಿನ ಅಡಿಗೆ ಹೋಗಿತ್ತು. ಅಲ್ಲಿ ಒಂದು ಬೂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಥಂಡಿ ಮಾಮನ ಎರಡು ಬರಿಗಾಲು.

"ಮಾಮ, ಕಾಲು ತೆಗೀರಿ."

"ಯಾಕಮ್ಮ? ಬೆಳಗ್ಗೆಯಿಂದ ಬೆಚ್ಚಗಿದೆ. ಈ ರೂಮಲ್ಲಿ ಇರೋದು ಇದೊಂದೇ ಸುಖ."

ಅದು ಸಪ್ಲೈ ಪರೀಕ್ಷಿಸಲು ಬಳಸುವ, ಕರೆಂಟನ್ನೆಲ್ಲ ಕಾವಾಗಿಸುವ ರೆಸಿಸ್ಟರ್ ಪೆಟ್ಟಿಗೆ. ಸೋಮವಾರ ಯಾರೋ ಮ್ಯಾಗ್ನೆಟ್ಟಿನ ವೈರು ಬಿಚ್ಚಿ ಇದಕ್ಕೆ ಹಾಕಿ, ಮೇಲೊಂದು ಚೀಟಿ ಅಂಟಿಸಿದ್ದರು: 'ಪರೀಕ್ಷೆ ಮುಗಿದ ಮೇಲೆ ಮರೆಯದೆ ಬದಲಿಸುವುದು.' ಕೈಬರಹ ಅವಳದೇ. ಸಹಿಯೂ ಅವಳದೇ. ಸಪ್ಲೈಯ ಮುಖದ ಮೇಲೆ ಐದು ಆಂಪಿನ ಪಕ್ಕದಲ್ಲೇ ಐದು ವೋಲ್ಟ್ ಎಂದೂ ಇತ್ತು. ಫ್ರಿಜ್ಜಿನ ಥಂಡಿಯಲ್ಲಿ ಕೂತ, ಅಡ್ಡಿಯೇ ಇಲ್ಲದ ಮ್ಯಾಗ್ನೆಟ್ಟಿಗೆ ಐದು ವೋಲ್ಟು ಬೇಕಿಲ್ಲ. ಐದೂವರೆ ಗಂಟೆ ಕಾಲ ಅವಳು ಒಂದೇ ಅಂಕಿ ನೋಡಿದ್ದಳು.

"ಅಮ್ಮಾ! ಬೆಳಗ್ಗೆಯಿಂದ ಮಾಮನ ಕಾಲು ಕಾಯಿಸ್ತಿದ್ದೆ ನಾನು!"

"ಯಾವ ಮಾಮ? ಅದಿರ್ಲಿ, ಮೊದಲು ಕರೆಂಟ್ ಸೊನ್ನೆಗಿಳಿಸು, ಆಮೇಲೆ ವೈರು ಬಿಚ್ಚು. ಕೇಳಿಸ್ತಾ? ಗಿರಾಕಿ ಬಂದ್ರು, ಇಡ್ತೀನಿ."

ಅವಳು ಮೇಜಿನ ಅಡಿಯಲ್ಲೇ ಕೂತು ನಕ್ಕಳು. ಮಾಮನೂ ನಕ್ಕರು. ಅಂಗಾಲು ಮುಟ್ಟಿ ನೋಡಿಕೊಂಡು ಮತ್ತೆ ನಕ್ಕರು.

ಮೂರು ಗಂಟೆ ಐದು ನಿಮಿಷಕ್ಕೆ ಅಳತೆ ಶುರುವಾಯಿತು. ಈ ಸಲ ಕರೆಂಟು ತುಂಬು ಬಸುರಿ ಎದ್ದ ಹಾಗೆ ಏರಿತು. ಅರ್ಧ ನಿಮಿಷಕ್ಕೊಂದು ಅಂಕಿ. ಮೊದಲ ಮೂರೂ 1.84. ಅವಳು ಮೇಜಿನ ಅಡಿಗೆ ಬಗ್ಗಿ ವೈರನ್ನು ಇನ್ನೊಮ್ಮೆ ನೋಡಿದಳು. ಮೂರೂ ಹತ್ತಕ್ಕೆ 1.81.

"ಇಳೀತು!" ಎಂದರು ಮಾಮ. ಅಲ್ಲಿಂದ ಮುಂದೆ ಹರಾಜು ಕೂಗುವವರ ಹಾಗೆ ಅಂಕಿಗಳನ್ನು ಕೂಗತೊಡಗಿದರು. ಮೂರೂವರೆಗೆ 1.29. ಮುಕ್ಕಾಲಿಗೆ 0.61.

ಮೂರೂ ಐವತ್ತಕ್ಕೆ ಪಕ್ಕದ ಗುಂಪಿನ ಮುಖ್ಯಸ್ಥರು ತಳ್ಳುಗಾಡಿಯೊಂದಿಗೆ ಬಾಗಿಲಲ್ಲಿ ನಿಂತರು. ಅವರಿಗೆ ಎಲ್ಲರೂ ಇಟ್ಟ ಹೆಸರು ಸ್ಟಾಪ್‌ವಾಚ್. ಹನ್ನೊಂದು ವರ್ಷದಲ್ಲಿ ತಮ್ಮ ಪಾಳಿಯ ಒಂದು ನಿಮಿಷವನ್ನೂ ಯಾರಿಗೂ ಬಿಟ್ಟುಕೊಟ್ಟವರಲ್ಲ.

ನಾಲ್ಕು ಹೊಡೆದಾಗ ಮಿತಿ 0.03.

"ಗಂಟೆಯಾಯ್ತು," ಎಂದರು ಸ್ಟಾಪ್‌ವಾಚ್.

"ಸಾರ್, ಐದು ನಿಮಿಷ ಕೊಡಿ."

"ಇಳಿದಿದೆಯಲ್ಲ, ಸಾಲ್ದಾ?"

"ಫ್ರಿಜ್ ಕೊಂಚ ಬಿಸಿಯಾದ್ರೆ ಶಾರ್ಟೂ ಹೀಗೇ ಇಳಿಯುತ್ತೆ ಸಾರ್. ಇದು ಮತ್ತೆ ಏಳ್ಬೇಕು. ಎದ್ರೇನೇ ನಿಜ."

ಆ ಮಾತು ಅವರಿಗೂ ಗೊತ್ತಿದ್ದದ್ದೇ. ವಾಚು ನೋಡಿದರು, ಪರದೆ ನೋಡಿದರು, ಸ್ಟೂಲು ಎಳೆದುಕೊಂಡರು. "ಐದು. ಆರಲ್ಲ."

0.01. ಮತ್ತೆ 0.01. ಮಾಮ ಕೂಗುವುದನ್ನು ನಿಲ್ಲಿಸಿದ್ದರು.

0.02.

"ಎದ್ದಿತು!" ಎಂದಳು ಅವಳು.

"ಸುಮ್ನಿರಿ, ಅದು ಲೆಕ್ಕಕ್ಕಿಲ್ಲ. ಉಪಕರಣದ ಅಂಕಿ ಅಷ್ಟು ಹಾಗೇ ಅಲ್ಲಾಡುತ್ತೆ," ಎಂದರು ಸ್ಟಾಪ್‌ವಾಚ್. ಆದರೆ ಸ್ಟೂಲು ಒಂದು ಗೇಣು ಮುಂದೆ ಸರಿದಿತ್ತು.

0.04. 0.05. 0.07.

"ಏಳ್ತಾ ಇದೆ," ಎಂದರು ಮೆಲ್ಲಗೆ. 0.10 ಕಂಡಾಗ ಎದ್ದು ನಿಂತರು. "ಏಳ್ತಾ ಇದೆ ಕಣ್ರೀ! ನಿಲ್ಲಿಸ್ಬೇಡಿ, ಯಾರೂ ಏನನ್ನೂ ಮುಟ್ಬೇಡಿ!"

ಐದು ನಿಮಿಷ ಎಂದೋ ಮುಗಿದಿತ್ತು. ಅವರಿಗೆ ಅದನ್ನು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಎರಡನೆಯ ಬೆಟ್ಟದ ನೆತ್ತಿ 0.40 ಇರಬೇಕೆಂದು ಅವಳು ಕಾಗದದ ಮೇಲೆ ಲೆಕ್ಕ ಹಾಕಿಟ್ಟಿದ್ದಳು. ನಾಲ್ಕೂ ಇಪ್ಪತ್ನಾಲ್ಕಕ್ಕೆ 0.40 ಬಂತು, ಎರಡು ಸಲ ಅಲ್ಲೇ ನಿಂತಿತು, 0.39ಕ್ಕೆ ಇಳಿಯಿತು. ಮಾಮ ಸ್ಟಾಪ್‌ವಾಚನ್ನು ತಬ್ಬಿಕೊಂಡರು. ಅವರು ಬಿಡಿಸಿಕೊಳ್ಳಲಿಲ್ಲ. ಸದ್ದಿಗೆ ಓಡಿಬಂದ ಪ್ರೊಫೆಸರು ಪರದೆಯ ಮೇಲಿನ ಗೆರೆಯನ್ನು ಒಮ್ಮೆ ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ, "ಬಿಡ್ಬೇಡಮ್ಮ, ಈ ವಿಷಯ ಬಿಡ್ಲೇಬೇಡ," ಎಂದರು.

ಅವಳು ಮೂಲೆಗೆ ಹೋಗಿ ಫೋನ್ ಮಾಡಿದಳು. "ಅಮ್ಮಾ, ಶಾರ್ಟ್ ಅಲ್ಲ!"

ಅಮ್ಮ ಫೋನು ಪಕ್ಕಕ್ಕೆ ಹಿಡಿದು ಅಂಗಡಿಗೆಲ್ಲ ಕೇಳುವಂತೆ ಕೂಗಿದ್ದು ಮಗಳಿಗೆ ಕೇಳಿಸಿತು: "ನನ್ನ ಮಗಳದ್ದು ಶಾರ್ಟ್ ಅಲ್ವಂತೆ!" ಗಿರಾಕಿಗಳು ಹೋ ಎಂದರು. ಏನು, ಎತ್ತ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಆದರೆ ಆ ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ.

"ಈಗಾದ್ರೂ ಊಟ ಮಾಡ್ತೀಯಾ?"

"ಮಾಡ್ತೀನಮ್ಮ, ಒಂದೇ..."

"ಏನ್ರೀ, ಫೋನಲ್ಲಿ ಮಾತಾಡ್ತಾ ನಿಂತ್ರಲ್ಲ!" ಸ್ಟಾಪ್‌ವಾಚ್ ಅಲ್ಲಿಂದಲೇ ಕೂಗಿದರು. "ಮೂರನೇ ಬೆಟ್ಟ ಎಷ್ಟು ಹೊತ್ತಿಗ್ರೀ?"