ಬಿಟ್ಟವರ ಹನ್ನೊಂದು ಸಾಲು

ಪರದೆಯ ಮೇಲೊಂದು ನೊಣ, ಡಾಕ್ಟರ ನಕ್ಷೆಯ ಹಸಿರು ಗೆರೆಯ ತುದಿಯಲ್ಲೇ ಕೂತಿದೆ, ಗೆರೆ ಮಾತ್ರ ಏರುತ್ತಲೇ ಇದೆ, ತಲೆನೋವಿನ ಹೊಸ ಮಾತ್ರೆ, ನೂರಕ್ಕೆ ತೊಂಬತ್ತು ಮಂದಿಗೆ ಗುಣ, ತಲೆಸುತ್ತು ಯಾರಿಗೂ ಇಲ್ಲ — ಯಾರಿಗೂ ಇಲ್ಲವಂತೆ! ಸಭಾಂಗಣದ ಹಿಂದಿನ ಗಾಜಿನ ಗೂಡಿನಲ್ಲಿ ಕೂತು ಡಾಕ್ಟರ ಚಿತ್ರಗಳನ್ನು ಒಂದೊಂದಾಗಿ ಪರದೆಗೆ ಬಿಡುತ್ತಿದ್ದವನಿಗೆ ನಗು ಬಂತು, ಹೊಡೀರಿ ಡಾಕ್ಟ್ರೇ ಡೈಲಾಗು, ಇವತ್ತು ಇಂಟರ್ವಲ್ ಇಲ್ಲ, ಸೀದಾ ಕ್ಲೈಮ್ಯಾಕ್ಸು, ವಿಲನ್ನು ನೀವೇ — ಮೂರು ವರ್ಷ ಅವರ ಸಂಶೋಧನಾ ಕೋಣೆಯಲ್ಲಿ ರೋಗಿಗಳ ವಿವರ ಕಂಪ್ಯೂಟರಿಗೆ ತುಂಬಿದವನು ಇವನು, ಅವರಿಗೆ ಹೆಸರಿಲ್ಲ, ಬರೀ ನಂಬರು, ಅದರಲ್ಲಿ ಅಕ್ಕನೂ ಒಂದು ನಂಬರು, ನೀನಿರೋ ಜಾಗ ಕಣೋ ಕೋತಿ, ಕಣ್ಣು ಮುಚ್ಕೊಂಡು ನುಂಗ್ತೀನಿ ಅಂದಳು, ನುಂಗಿದಳು, ಎರಡನೇ ವಾರ ಮನೆಯೇ ಗಿರಗಿರ, ಮೂರನೇ ವಾರ ಮೆಟ್ಟಿಲಿಂದ ಕೆಳಗೆ, ಸೊಂಟ ಮುರಿಯಿತು, ಮಾತ್ರೆ ಬಿಟ್ಟಳು, ಈಗಲೂ ಮೆಟ್ಟಿಲಿಳಿಯುವುದು ಕೂತುಕೊಂಡೇ, ಏನೋ ಹಾಗ್ ನೋಡ್ತೀಯ, ಜಾರುಬಂಡೆ ಫ್ರೀ, ಬರ್ತೀಯಾ ಅನ್ನುತ್ತಾಳೆ. ಹಾಗೆ ಬಿಟ್ಟವರು ಹನ್ನೊಂದು ಮಂದಿ, ಅಚ್ಚಾದ ಪ್ರಬಂಧದಲ್ಲಿ ಒಬ್ಬರೂ ಇಲ್ಲ, ಕೊನೇವರೆಗೆ ನುಂಗಿದವರಷ್ಟೇ ಲೆಕ್ಕ, ಉಳಿದವರು ಹುಟ್ಟೇ ಇಲ್ಲ. ಇರಲಿ, ಹನ್ನೊಂದು ಸಾಲೂ ಇರುವ ಹಳೆಯ ಪಟ್ಟಿ ಇವನ ಪೆನ್‌ಡ್ರೈವಿನಲ್ಲಿದೆ, ಮುಂದಿನ ಚಿತ್ರದ ಜಾಗದಲ್ಲಿ ಹೊಂಚು ಹಾಕಿದೆ, ನೆಕ್ಸ್ಟ್ ಕೊಡಪ್ಪ ಎಂದರು ಡಾಕ್ಟರು, ತಗೊಳ್ಳಿ ಸಾರ್, ನಿಮಗಿಲ್ಲದ್ದಾ — ಒತ್ತಿದ. ಪರದೆ ತುಂಬ ಸಾಲು, ಹನ್ನೊಂದಕ್ಕೆ ಕೆಂಪು ಬಣ್ಣ, ತಲೆಸುತ್ತು, ತಲೆಸುತ್ತು, ಬಿದ್ದರು, ಹದಿನೇಳನೇ ನಂಬರು ಸೊಂಟ ಮುರಿತ, ಗುಸುಗುಸು, ಮುಂದೆ ಕೂತಿದ್ದ ವಯಸ್ಸಾದ ಡಾಕ್ಟರಮ್ಮ ಎದ್ದು ನಿಂತರು, ಇವರೆಲ್ಲ ಎಲ್ಲಿ ಹೋದ್ರು ಡಾಕ್ಟ್ರೇ, ಆಹಾ ಆ ಬೆವರು, ಶಿಳ್ಳೆ ಹೊಡೆಯಬೇಕು — ಡಾಕ್ಟರು ಹಣೆ ಒರೆಸಿಕೊಂಡು ಗೂಡಿನತ್ತ ಕೈ ತೋರಿಸಿದರು, ಪಟ್ಟಿ ನೋಡ್ಕೋತಿದ್ದೋನು ಅಲ್ಲೇ ಕೂತಿದಾನೆ, ಸಾಲು ಅಳಿಸಿದ್ದು ಯಾರ ಕೈ, ಅವನನ್ನೇ ಕೇಳಿ. ಎಲ್ಲ ತಲೆಗಳೂ ತಿರುಗಿದವು. ಪ್ರಬಂಧ ಅಚ್ಚಿಗೆ ಹೋಗುವ ಮುಂಚಿನ ಆ ಮಧ್ಯಾಹ್ನ, ಬಿಟ್ಟವರನ್ನ ತೆಗೆದುಬಿಡು ಮರಿ ಅಂದಿದ್ದರು ಡಾಕ್ಟರು, ಇವನು ಕಾಲ ಮೇಲೆ ಕಾಲು ಹಾಕಿ, ಒಂದೇ ಬೆರಳಲ್ಲಿ ಅಳಿಸಿದ್ದ, ಢಿಶುಂ, ಢಿಶುಂ, ನಂಬರು ಕೂಡ ನೋಡಲಿಲ್ಲ, ಹದಿನೇಳು ಎಂದು ಬರೆದಿದ್ದ ಅಕ್ಕನ ಮಾತ್ರೆ ಚೀಟಿ ಕಣ್ಣಿಗೆ ಬಿದ್ದದ್ದು ತಿಂಗಳಾದ ಮೇಲೆ — ಹದಿನೇಳರ ಸಾಲು ಅಳಿದದ್ದೇ ಕೆಳಗಿದ್ದ ಹದಿನೆಂಟು ಮೇಲೆ ಹತ್ತಿ ಅವಳ ಜಾಗದಲ್ಲಿ ಕೂತಿತು, ಕೂದಲೆಳೆಯಷ್ಟೂ ಸಂದಿಲ್ಲದೆ, ಹೇಳಪ್ಪ ಅನ್ನುತ್ತಿದ್ದಾರೆ ಯಾರೋ, ಹದಿನೆಂಟು ಮೇಲೆ ಹತ್ತಿ, ಸಂದಿಲ್ಲದೆ, ಮತ್ತೆ ಹದಿನೆಂಟು ಮೇಲೆ ಹತ್ತಿ, ಅವಳ ಜಾಗದಲ್ಲಿ