ಕಣ್ಣಿಲ್ಲದ ಹೇಂಟೆಗೆ ಬೆಳಗಾದದ್ದು

ದಮಯಂತಿ ತೀರಿಕೊಂಡಳೆಂಬ ಸುದ್ದಿ ಪುತ್ತೂರಿನ ಆಸ್ಪತ್ರೆಯಿಂದ ಮರ್ಕಂಜಕ್ಕೆ ಬಂದಾಗ ಅವಳ ಗಂಡ ಅಚ್ಚುತ ಗೌಡರು ಕೋಳಿಗೂಡಿನ ಬಾಗಿಲಲ್ಲಿ ನಿಂತಿದ್ದರು. ಜ್ವರ ಇಳಿದಿದೆ, ನಾಳೆ ಮನೆಗೆ ಕಳಿಸುತ್ತಾರೆ ಎಂದು ಹಿಂದಿನ ದಿನವಷ್ಟೇ ಕೇಳಿದ್ದರು. ಫೋನು ಹಿಡಿದು ಅಂಗಳಕ್ಕೆ ಬಂದ ಸೊಸೆ ನವ್ಯಾಳ ಮುಖ ನೋಡಿದೊಡನೆ ಎಲ್ಲವೂ ತಿಳಿಯಿತು. ತೌಡಿನ ಪಾತ್ರೆಯನ್ನು ಕೆಳಗಿಟ್ಟು, ಹೆಗಲ ಮೇಲಿನ ಬೈರಾಸನ್ನು ಬಾಯಿಗೊತ್ತಿಕೊಂಡು ಅಲ್ಲೇ ಕುಳಿತುಬಿಟ್ಟರು.

ಗೂಡಿನಲ್ಲಿದ್ದವು ಇನ್ನೂ ಮೊಟ್ಟೆಯಿಡಲು ತೊಡಗದ ಎಳೆಯ ಹೇಂಟೆಗಳು. ದಮಯಂತಿ ಮರಿಯಿಂದ ಸಾಕಿದವು. ಅವುಗಳಲ್ಲಿ ಒಂದಕ್ಕೆ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಅದನ್ನು ಅವಳು ಮಡಿಲಲ್ಲಿಟ್ಟುಕೊಂಡು ತಿನ್ನಿಸುತ್ತಿದ್ದಳು. ‘ಇದೂ ಮೊಟ್ಟೆ ಇಡ್ತದೆ. ಅಷ್ಟರವರೆಗೆ ಕೊಡ್ಲಿಕ್ಕಿಲ್ಲ’ ಎಂದು ಗಂಡನಿಂದ ಮಾತು ಪಡೆದಿದ್ದಳು.

ಉತ್ತರಕ್ರಿಯೆ ಕಳೆದ ಮೇಲೆ ಕೋಳಿ ಕೊಳ್ಳುವ ಮೂಸಕುಂಞಿ ಬಂದು ಕಣ್ಣಿಲ್ಲದ ಹೇಂಟೆಯನ್ನು ನೋಡಿದ.

‘ಇದನ್ನು ಎಂತಕ್ಕೆ ಇಟ್ಟುಕೊಳ್ಳುದು ಗೌಡ್ರೆ? ಹಗಲು ರಾತ್ರಿ ಗೊತ್ತಿಲ್ಲದ್ದು ಮೊಟ್ಟೆ ಇಡುದುಂಟಾ ಮಾರಾಯ್ರೆ?’

‘ನಿನಗೆ ಗೊತ್ತಿಲ್ಲದ್ದು ದೇವರಿಗೂ ಗೊತ್ತಿಲ್ಲ ಅಂತ ಉಂಟಾ?’ ಎಂದು ಗೌಡರು ಗದರಿದರು. ಆದರೆ ಅವನ ಮಾತು ಅವರ ಮನಸ್ಸಿನದೂ ಆಗಿತ್ತು. ಹೇಂಟೆಗೆ ಪ್ರಾಯ ಬರುವುದು ಹಗಲಿನ ಉದ್ದವನ್ನು ನೋಡಿ. ಎಳೆಯವಕ್ಕೆ ದಮಯಂತಿ ರಾತ್ರಿ ದೀಪ ಹಾಕಲು ಬಿಡುತ್ತಿರಲಿಲ್ಲ. ಮೈ ಬಲಿಯುವ ಮೊದಲೇ ಮೊಟ್ಟೆಗೆ ಬಂದರೆ ಮೊಟ್ಟೆ ಸಿಕ್ಕಿಕೊಂಡು ಸಾಯುತ್ತವೆ. ಬಲಿತ ಮೇಲೆ ನಸುಕಿಗೇ ಬಲ್ಬು ಉರಿಸಿ ಸ್ವಲ್ಪಸ್ವಲ್ಪವೇ ಹಗಲನ್ನು ಹಿಗ್ಗಿಸುತ್ತಿದ್ದಳು. ಈಗ ಆ ಹೊತ್ತು ಬಂದಿತ್ತು. ಆದರೆ ಕಣ್ಣಿಲ್ಲದ್ದಕ್ಕೆ ಹಗಲು ಹಿಗ್ಗಿತೆಂದು ಹೇಳುವವರು ಯಾರು?

ಗೌಡರೇ ಎದ್ದು ಬಲ್ಬು ಹಾಕತೊಡಗಿದರು. ಕೆಲವು ವಾರಗಳಲ್ಲಿ ಉಳಿದವುಗಳ ಜುಟ್ಟು ಕೆಂಪೇರಿತು, ಮೊಟ್ಟೆಗಳೂ ಬಂದವು. ಕುರುಡಿಯ ಜುಟ್ಟು ಮಾತ್ರ ಬಿಳಿಚಿಕೊಂಡೇ ಇತ್ತು.

‘ಮಾವ, ಅದನ್ನು ಕೊಟ್ಟುಬಿಡಿ. ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಬೇಡಿ. ಅತ್ತೆ ಏನೂ ಬೇಜಾರು ಮಾಡುದಿಲ್ಲ’ ಎಂದಳು ನವ್ಯಾ.

ಸತ್ತವಳಿಗೆ ಕೊಟ್ಟ ಮಾತು ಮುರಿಯುವುದು ಹೇಗೆ? ಆದರೂ ಉಳಿದವುಗಳ ನಡುವೆ ತಿನ್ನಲು ತಡಕಾಡುವ ಅದರ ಪಾಡು ನೋಡಲಾರದೆ, ಮುಂದಿನ ಸಲ ಕೊಂಡುಹೋಗು ಎಂದು ಮೂಸಕುಂಞಿಗೆ ಹೇಳಿ ಕಳಿಸಿದರು.

ಅವನು ಬರುವ ದಿನ ದನಕ್ಕೆ ಮದ್ದು ಕೊಡಲು ಡಾಕ್ಟರಮ್ಮ ಪ್ರೀತಿಕಾ ಬಂದಿದ್ದರು. ಕುರುಡಿಯನ್ನು ಕಡೆಯ ಬಾರಿ ತಿನ್ನಿಸಲೆಂದು ಎತ್ತಿದ ಗೌಡರು ಹಾಗೆಯೇ ನಿಂತರು. ಜುಟ್ಟಿಗೆ ದಾಸವಾಳದ ಬಣ್ಣ ಬಂದಿತ್ತು. ಬೆನ್ನ ಮೇಲೆ ಕೈಯಿಟ್ಟರೆ, ಮೊಟ್ಟೆಗೆ ಬಂದ ಹೇಂಟೆಯಂತೆ ಮೈ ತಗ್ಗಿಸಿತು.

‘ಇದೆಂತ ಡಾಕ್ಟ್ರೆ? ಇದಕ್ಕೆ ಕಣ್ಣೇ ಇಲ್ಲ!’

‘ಕಣ್ಣು ಬೇಡ ಗೌಡ್ರೆ. ಬೆಳಕು ಪುಕ್ಕ, ಚರ್ಮ, ತಲೆಬುರುಡೆ ಎಲ್ಲ ದಾಟಿ ಮೆದುಳಿಗೇ ಹೋಗ್ತದೆ. ಹಗಲು ಉದ್ದ ಆದದ್ದು ಅಲ್ಲಿಗೇ ಗೊತ್ತಾಗುದು. ಇದಕ್ಕೆ ತಿನ್ನಲು ಕಡಿಮೆ ಸಿಕ್ಕಿ ತಡ ಆಯ್ತು, ಅಷ್ಟೆ.’

ಗೌಡರು ಆ ಪುಟ್ಟ ತಲೆಯ ಮೇಲೆ ಬೆರಳಿಟ್ಟರು. ಉಗುರು ಒತ್ತಿದರೆ ಒಡೆಯುವಂಥ ಎಲುಬು. ಅದರೊಳಗೆ ಸೂರ್ಯನ ಲೆಕ್ಕ ಇಡುವ ಜಾಗವೊಂದನ್ನು ಮಾಡಿಟ್ಟವನು ಯಾರು! ಕಣ್ಣಿನ ಬಾಗಿಲು ಮುಚ್ಚಿದರೂ ಒಳಗಿನ ಜೀವ ಬೆಳಗನ್ನು ಅರಿತಿತ್ತು.

ಪಂಜರ ಹಿಡಿದು ಬಂದ ಮೂಸಕುಂಞಿಯನ್ನು ಬರಿಗೈಯಲ್ಲಿ ಕಳಿಸಿದರು. ಅವನು ಬೈಯಲಿಲ್ಲ, ಜುಟ್ಟನ್ನೊಮ್ಮೆ ನೋಡಿ, ‘ಹುಟ್ಟಿಸಿದವನ ಕೆಲಸ’ ಎಂದಷ್ಟೇ ಹೇಳಿದ.

ನಾಲ್ಕಾರು ದಿನ ಕಳೆದು ಒಂದು ಬೆಳಿಗ್ಗೆ ಕುರುಡಿಯ ಮೂಲೆಯಲ್ಲಿ ಸಣ್ಣದೊಂದು ಮೊಟ್ಟೆ ಬಿದ್ದಿತ್ತು. ಇನ್ನೂ ಬೆಚ್ಚಗಿತ್ತು. ಗೌಡರು ಅದನ್ನು ಎರಡೂ ಕೈಗಳಲ್ಲಿ ಹಿಡಿದು ಮೂಡಣಕ್ಕೆ ಮುಖ ಮಾಡಿ ನಿಂತರು. ದಮಯಂತಿಗೆ ಕೊಟ್ಟ ಮಾತು ಉಳಿದಿತ್ತು.

‘ಸುಬ್ರಹ್ಮಣ್ಯ ಸ್ವಾಮೀ, ನಿನ್ನ ದಾರಿಗಳು ನಮ್ಮ ಬುದ್ಧಿಗೆ ನಿಲುಕುವುದಿಲ್ಲ. ದಮಯಂತಿ ಈಗ ನಿನ್ನ ಕೈಯಲ್ಲಿದ್ದಾಳೆ. ಅವಳ ದಣಿವು ಕಳೆ. ಅವಳ ಆತ್ಮವನ್ನು ತಂಪಾಗಿಡು.’